ಒಂದು ಹಲಸಿನ ಹಣ್ಣಿನ ಲೆಕ್ಕ

ಕಳೆದ ನವೆಂಬರಿನಲ್ಲಿ ಅಮೆರಿಕದಿಂದ ಮಗಳು ಫೋನು ಮಾಡಿದ್ದಳು. ನ್ಯೂ ಜರ್ಸಿಯಲ್ಲಿ ಅವಳ ನೆರೆಮನೆಯವರು ಥ್ಯಾಂಕ್ಸ್‌ಗಿವಿಂಗ್ ಹಬ್ಬಕ್ಕೆಂದು ಹತ್ತು ಕಿಲೋ ತೂಗುವ ಟರ್ಕಿ ಕೋಳಿಯೊಂದನ್ನು ತಂದರಂತೆ. ನವೆಂಬರಿನ ನಾಲ್ಕನೆಯ ಗುರುವಾರ ಅಲ್ಲಿ ಆ ಹಬ್ಬ. ಮನೆಯಲ್ಲಿರುವುದು ಮೂರೇ ಜನ. ಮೊದಲ ದಿನ ಹಬ್ಬದೂಟವಾಯಿತು. ಮರುದಿನದಿಂದ ಉಳಿದದ್ದನ್ನು ಬ್ರೆಡ್ಡಿನ ನಡುವೆ ಇಟ್ಟು ತಿಂದರು, ಆಮೇಲೆ ಅನ್ನಕ್ಕೆ ಕಲಸಿದರು, ಕೊನೆಗೆ ಮೂಳೆಯನ್ನೂ ಬಿಡದೆ ಕುದಿಸಿ ಸಾರು ಮಾಡಿದರು. ನಾವು ಅದನ್ನು ಮುಟ್ಟುವವರಲ್ಲ. ಆದರೂ ಮಗಳು ಅದನ್ನು ವರ್ಣಿಸುವಾಗ ನನಗೆ ನಗು ಬಂತು. ಅವಳೂ ನಕ್ಕಳು. "ಅಮ್ಮಾ, ಆ ಹಲಸಿನ ಹಣ್ಣಿನ ನೆನಪಾಯಿತು ನೋಡು" ಎಂದಳು.

ನಮ್ಮ ಪತ್ರಿಕೆಯ ಸಂಪಾದಕರು ಎರಡು ತಿಂಗಳಿಂದ "ಅಡಿಗೆಮನೆಯ ಉಳಿತಾಯದ ಬಗ್ಗೆ ಏನಾದರೂ ಬರೆದುಕೊಡಿ" ಎಂದು ಕಾಡುತ್ತಿದ್ದರು. ಉಳಿತಾಯದ ಉಪದೇಶ ಮಾಡುವಷ್ಟು ಜಾಣೆ ನಾನಲ್ಲ. ಆದರೆ ಆ ಹಲಸಿನ ಹಣ್ಣಿನ ಲೆಕ್ಕ ಮಾತ್ರ ನನ್ನ ಹತ್ತಿರ ಬರೆದಿಟ್ಟದ್ದು ಇದೆ. ಮಗಳ ಹಳೆಯ ಗಣಿತದ ವಹಿಯ ಕೊನೆಯ ನಾಲ್ಕು ಪುಟಗಳಲ್ಲಿ ಪೆನ್ಸಿಲಿನಲ್ಲಿ ಬರೆದದ್ದು. ಅದನ್ನೇ ಬಿಡಿಸಿ ಬರೆಯುತ್ತೇನೆ.

ಅದು 1974ನೆಯ ಇಸವಿ. ಊರಿನ ಹೆಸರು ಆಗಿನ್ನೂ ಪೂನಾ. ನಾವಿದ್ದದ್ದು ಸದಾಶಿವ ಪೇಠೆಯ ಒಂದು ಹಳೆಯ ವಾಡೆಯಲ್ಲಿ. ಹನ್ನೆರಡು ಬಿಡಾರ, ಎರಡು ನಲ್ಲಿ, ನಡುವೆ ಕಲ್ಲು ಹಾಸಿದ ಅಂಗಳ, ಮೂಲೆಯಲ್ಲಿ ತುಳಸಿಕಟ್ಟೆ. ನಮ್ಮದು ಒಂದೂವರೆ ಕೋಣೆ. ಇವರು ಚಿಂಚವಡದ ಕಡೆಯ ಒಂದು ಕಾರ್ಖಾನೆಯಲ್ಲಿ ಟರ್ನರ್ ಆಗಿದ್ದರು. ಏಪ್ರಿಲ್ ಮಧ್ಯದಲ್ಲಿ ಆ ಕಾರ್ಖಾನೆಗೆ ಬೀಗ ಬಿತ್ತು. ಯಾರ ತಪ್ಪು, ಯಾರ ಸರಿ ಎಂಬ ಚರ್ಚೆ ಈಗ ಬೇಡ. ಕಾರ್ಖಾನೆಯ ಹೆಸರೂ ಬೇಡ. ಬೀಗದ ಈ ಬದಿಯಲ್ಲಿ ಇದ್ದವರು ನಾವು ಎಂದರೆ ಸಾಕು.

ಸಂಬಳ ನಿಂತದ್ದೂ ಸುಭಿಕ್ಷದ ಕಾಲದಲ್ಲೇನೂ ಅಲ್ಲ. 1972ರ ಬರಗಾಲದಲ್ಲಿ ಮಹಾರಾಷ್ಟ್ರದವರೆಲ್ಲ ರೇಶನ್ ಅಂಗಡಿಯ ಕೆಂಪು ಮಿಲೋ ಜೋಳ ತಿಂದು ಗಂಟಲು ಕೆರೆದುಕೊಂಡದ್ದು ಇನ್ನೂ ಹಸಿಯಾಗಿತ್ತು. 1973ರ ಕೊನೆಯಲ್ಲಿ ಅರಬರು ಎಣ್ಣೆಯ ಬೆಲೆ ಏರಿಸಿದ ಮೇಲೆ ಸೀಮೆಎಣ್ಣೆಗೆ ಡಬ್ಬಿ ಹಿಡಿದು ಸಾಲಿನಲ್ಲಿ ನಿಲ್ಲುವುದು ದಿನದ ಕೆಲಸವಾಗಿತ್ತು. ಡಾಲ್ಡಾ ಅಂಗಡಿಯಿಂದ ಮಾಯ. ಮೇ 8ರಂದು ರೈಲ್ವೆ ಮುಷ್ಕರ ಶುರುವಾಯಿತು. ಅದರ ಮುಂದಾಳು ನಮ್ಮ ಮಂಗಳೂರಿನ ಜಾರ್ಜ್ ಫರ್ನಾಂಡಿಸ್. ಸುಮಾರು ಇಪ್ಪತ್ತು ದಿನ ದೇಶದ ಗಾಡಿಗಳು ಅರ್ಧಕ್ಕರ್ಧ ನಿಂತುವು. ಆ ನಡುವೆ ಮೇ 18ರಂದು ಪೋಖರಣದಲ್ಲಿ ಅಣುಸ್ಫೋಟವಾಯಿತೆಂದು ವಾಡೆಯ ಗಂಡಸರೆಲ್ಲ ಅಂಗಳದಲ್ಲಿ ನಿಂತು ಪತ್ರಿಕೆ ಓದಿದರು. ಆ ದಿನ ನಮ್ಮ ಸ್ಟೋವಿನಲ್ಲಿ ಎಣ್ಣೆ ಇರಲಿಲ್ಲ ಎಂಬುದು ನನಗೆ ಚೆನ್ನಾಗಿ ನೆನಪಿದೆ.

ಇವರು ಮೊದಲ ದಿನವೇ ಒಂದು ಮಾತು ಹೇಳಿದ್ದರು. "ಊರಿಗೆ ಬರೆಯಡ." ನನ್ನ ತವರು ಶಿರಸಿಯ ಹತ್ತಿರದ ಹಳ್ಳಿ; ಇವರದು ಸಿದ್ದಾಪುರ ತಾಲೂಕು. ತವರಿನಲ್ಲಿ ನಾಲ್ಕು ಎಕರೆ ಅಡಿಕೆ ತೋಟ. ಬರೆದಿದ್ದರೆ ಅಪ್ಪಯ್ಯ ಮನಿಯಾರ್ಡರು ಮಾಡುತ್ತಿದ್ದರು. ಅದೇ ಇವರಿಗೆ ಬೇಡವಾಗಿತ್ತು. ಮಾವನ ಮನೆಯ ದುಡ್ಡಿನಲ್ಲಿ ಅಕ್ಕಿ ತರುವುದಕ್ಕಿಂತ ಕಾರ್ಖಾನೆಯ ಗೇಟಿನ ಮುಂದೆ ಉಪವಾಸ ಕೂರುತ್ತೇನೆ ಎನ್ನುವ ಜಾತಿಯ ಮನುಷ್ಯ. ನಾನು ಬರೆಯಲಿಲ್ಲ. "ಎಲ್ಲರೂ ಕ್ಷೇಮ, ಮಕ್ಕಳಿಗೆ ರಜೆ" ಎಂದಷ್ಟೇ ಬರೆದು ಹಾಕಿದೆ. ಆದರೆ ಆಯಿಗೆ ಗೊತ್ತಾಗಿಬಿಟ್ಟಿತು. ಹೇಗೆಂದರೆ, ಮದುವೆಯಾದಂದಿನಿಂದ ನಾನು ಯಾವಾಗಲೂ ಇನ್‌ಲ್ಯಾಂಡ್ ಪತ್ರ ಬರೆಯುತ್ತಿದ್ದವಳು ಆ ಎರಡು ತಿಂಗಳು ಕಾರ್ಡು ಹಾಕಿದ್ದೆ. ಕಾರ್ಡನ್ನು ತಿರುಗಿಸಿ ಮುರುಗಿಸಿ ನೋಡಿ "ಇದು ಸರಿ ಇಲ್ಲೆ" ಎಂದಳಂತೆ. ತಮ್ಮ ಆಮೇಲೆ ಹೇಳಿದ.

ಜೂನ್ 3, ಸೋಮವಾರ, ಬೆಳಗಿನ ಜಾವ ತಮ್ಮ ಬಂದಿಳಿದ. ತಲೆಯ ಮೇಲೆ ಗೋಣಿಚೀಲ, ಅದರೊಳಗೆ ಹಲಸು. ಶಿರಸಿಯಿಂದ ಹುಬ್ಬಳ್ಳಿಗೆ ಬಸ್ಸು. ಹುಬ್ಬಳ್ಳಿಯಿಂದ ಲೋಂಡಾ, ಬೆಳಗಾವಿ ಮೇಲೆ ಮಿರಜಕ್ಕೆ ಮೀಟರ್‌ಗೇಜ್ ಗಾಡಿ. ಮಿರಜದಲ್ಲಿ ಇಳಿದು ಬ್ರಾಡ್‌ಗೇಜ್ ಗಾಡಿ ಹತ್ತಬೇಕು. ಆ ಕಾಲದಲ್ಲಿ ಪುಣೆಗೆ ಬಂದ ನಮ್ಮ ಓದುಗರಿಗೆ ಮಿರಜದ ಆ ಬದಲಿ ಗೊತ್ತಿದೆ. ಟ್ರಂಕು, ಹಾಸಿಗೆ, ಉಪ್ಪಿನಕಾಯಿ ಭರಣಿ, ನಿದ್ದೆಗಣ್ಣಿನ ಮಕ್ಕಳು ಎಲ್ಲವನ್ನೂ ಒಂದು ಗಾಡಿಯಿಂದ ಇನ್ನೊಂದಕ್ಕೆ ಸಾಗಿಸುವ ಸಂಭ್ರಮ. ಹುಬ್ಬಳ್ಳಿಯ ಮೇಲಿನ ಆ ದಾರಿ ಬ್ರಾಡ್‌ಗೇಜ್ ಆಗಲು 1990ರ ದಶಕವೇ ಬರಬೇಕಾಯಿತು. ಮುಷ್ಕರ ಮುಗಿದು ವಾರವಾಗಿತ್ತಷ್ಟೆ. ಗಾಡಿಯಲ್ಲಿ ಕಾಲಿಡಲು ಜಾಗವಿರಲಿಲ್ಲವಂತೆ. ತಮ್ಮ ಹಲಸಿನ ಮೇಲೇ ಕೂತು ಬಂದೆ ಎಂದ. ನಂಬಬೇಕೋ ಬೇಡವೋ ತಿಳಿಯಲಿಲ್ಲ. ಹಲಸಿನ ಮುಳ್ಳೇನೂ ಸಾಧುವಲ್ಲ.

ಕಿರಾಣಿ ಅಂಗಡಿಯಲ್ಲಿ ತೂಗಿಸಿದಾಗ ಇಪ್ಪತ್ತೆರಡು ಕಿಲೋ ಬಂತು.

ಜೊತೆಗೆ ಆಯಿಯ ಚೀಟಿ. "ಹಲಸಿನಕಾಯಿ ಕಳಿಸ್ತಾ ಇದ್ದಿ. ಈ ವರ್ಷ ಮರ ರಾಶಿ ಬಿಟ್ಟಿದ್ದು. ಇಲ್ಲಿ ತಿಂಬವು ಇಲ್ಲೆ. ಒಂದು ತೊಳೆಯೂ ದಂಡ ಮಾಡಡ." ಅಷ್ಟೇ. ದುಡ್ಡಿಲ್ಲ, ಅಕ್ಕಿಯಿಲ್ಲ, ಏನಾಯಿತು ಎಂಬ ಪ್ರಶ್ನೆಯೂ ಇಲ್ಲ.

ಇವರು ಸ್ನಾನ ಮುಗಿಸಿ ಬಂದವರು ಹಲಸನ್ನು ನೋಡಿದರು. ಮುಖ ಬಿಗಿಯಿತು. "ಇದರದ್ದೂ ಲೆಕ್ಕ ಬರೆದಿಡು" ಎಂದರು. ತಮ್ಮನಿಗಾಗ ಹತ್ತೊಂಬತ್ತು ವರ್ಷ, ಮಾತಿಗೆ ಕಡಿವಾಣವಿಲ್ಲ. "ಭಾವಾ, ಇದು ನಮ್ಮಲ್ಲಿ ದನ ತಿಂಬ್ದು. ಮರದ ಬುಡದಲ್ಲಿ ಬಿದ್ದು ಕೊಳೀತಾ ಇದ್ದು" ಎಂದುಬಿಟ್ಟ. ನಾನು ಹೆದರಿದೆ. ಆದರೆ ಇವರ ಮೀಸೆಯ ಅಡಿಯಲ್ಲಿ ನಗು ಸುಳಿಯಿತು. ಎರಡು ತಿಂಗಳಲ್ಲಿ ಮೊದಲ ಸಲ. ಬೆಲೆಯಿಲ್ಲದ ವಸ್ತುವಿಗೆ ಋಣವೂ ಇಲ್ಲವಲ್ಲ. ಆಯಿ ಯೋಚಿಸಿಯೇ ಆರಿಸಿದ್ದಳು. ಅದಕ್ಕೇ ನಾನು ನಿಜವಾಗಿಯೂ ಲೆಕ್ಕ ಬರೆದೆ.

ಇನ್ನು ಅದನ್ನು ಯಾವಾಗ ಒಡೆಯುವುದು ಎಂಬ ಪ್ರಶ್ನೆ. ಮಕ್ಕಳಿಗೆ, ಅಂದರೆ ಎಂಟು ವರ್ಷದ ಮಗಳು, ಐದು ವರ್ಷದ ಮಗನಿಗೆ, ಹಣ್ಣೇ ಬೇಕು. ಕಾಯಿದ್ದರೆ ಹಣ್ಣಾಗುತ್ತದೆ ನಿಜ. ಆದರೆ ಹಣ್ಣಾದ ಹಲಸಿಗೆ ಎರಡು ದಿನದ ಆಯುಷ್ಯ, ಹನ್ನೆರಡು ಮನೆಗೂ ಹೋಗುವ ಪರಿಮಳ. ಕಾಯಿಯಾದರೆ ಊಟ, ಹಣ್ಣಾದರೆ ಸಿಹಿ. ನನಗೆ ಬೇಕಾದದ್ದು ಊಟ. "ಹಸಿದು ಹಲಸು, ಉಂಡು ಮಾವು" ಎಂದು ಹಿರಿಯರು ಸುಮ್ಮನೆ ಹೇಳಿದ್ದಲ್ಲ. ಗೋಣಿಯೊಳಗಿನ ಬಿಸಿಗೆ ಕಾಯಿಯ ಒಂದು ಬದಿ ಆಗಲೇ ಮೆತ್ತಗಾಗತೊಡಗಿತ್ತು. ದೋರೆ ಎನ್ನುತ್ತೇವಲ್ಲ, ಆ ಹದ. ಇನ್ನು ತಡೆದರೆ ಕೆಲಸ ಕೆಡುತ್ತದೆಂದು ಆ ದಿನವೇ ಒಡೆಯಲು ಕೂತೆ.

ಒಡೆಯುವ ಕೆಲಸ ಗೊತ್ತಿಲ್ಲದ ಇಂದಿನ ಸೋದರಿಯರಿಗಾಗಿ ನಾಲ್ಕು ಮಾತು. ನೆಲಕ್ಕೆ ಹಳೆಯ ಪತ್ರಿಕೆ ಹಾಸಬೇಕು. ಕೈಗೂ ಕತ್ತಿಗೂ ಕೊಬ್ಬರಿ ಎಣ್ಣೆ ಸವರಬೇಕು. ಸವರದಿದ್ದರೆ ಹಲಸಿನ ಮೇಣ ಮೂರು ದಿನ ಬಿಡುವುದಿಲ್ಲ. ನೀರಿನಲ್ಲಿ ತೊಳೆದರೆ ಇನ್ನಷ್ಟು ಅಂಟುತ್ತದೆ. ಮೊದಲು ನಡುವೆ ಸೀಳಿ, ಒಸರುವ ಮೇಣವನ್ನು ಕಡ್ಡಿಗೆ ಸುತ್ತಿ ತೆಗೆಯಬೇಕು. ನಮ್ಮ ಕಡೆ ಗೂಂಜು ಎನ್ನುವ ನಡುವಿನ ದಿಂಡನ್ನು ಕತ್ತರಿಸಿ ತೆಗೆದರೆ ತೊಳೆಗಳು ತಾವಾಗಿ ಬಾಯಿ ಬಿಡುತ್ತವೆ. ಒಂದೊಂದು ತೊಳೆಯೂ ಒಂದೊಂದು ಹೂವು ಕಾಯಾದದ್ದು. ನಾವು ಒಂದು ಹಣ್ಣು ಎನ್ನುವುದು ನಿಜವಾಗಿ ನೂರಾರು ಹಣ್ಣಿನ ಸಂಸಾರ, ಒಂದೇ ಸಿಪ್ಪೆಯೊಳಗೆ. ನಮ್ಮ ವಾಡೆಯ ಹಾಗೆ.

ಇವರು ಸೈಕಲ್ ಹತ್ತಿ ಗೇಟಿನ ಕಡೆ ಹೋಗಿದ್ದರು. ತಮ್ಮ ತೊಳೆ ಬಿಡಿಸಿದ, ಮಗಳು ಎಣಿಸಿದಳು. 214. ಅದರಲ್ಲಿ ಗಟ್ಟಿಯಾಗಿ ಬೆಳ್ಳಗಿದ್ದವು 118. ಬಣ್ಣ ತಿರುಗಿದ್ದವು 96. ಬಕ್ಕೆ ಜಾತಿಯಾದ್ದರಿಂದ ತೊಳೆ ದಪ್ಪ. ತಿರುಗಿದ್ದವನ್ನು ಬುಟ್ಟಿಯಲ್ಲಿ ಹಾಕಿ ಬಟ್ಟೆ ಮುಚ್ಚಿ ಮಂಚದ ಕೆಳಗೆ ತಳ್ಳಿದೆ.

ಸಿಪ್ಪೆ ಮತ್ತು ದಿಂಡು ಸೇರಿ ಹೆಚ್ಚೂಕಡಿಮೆ ಅರ್ಧ ಭಾರ. ಊರಿನಲ್ಲಾದರೆ ಕೊಟ್ಟಿಗೆಗೆ ಹೋಗುತ್ತಿತ್ತು. ಇಲ್ಲಿ ಗಲ್ಲಿಯ ಕೊನೆಗೆ ಗೌಳಿಯ ಎಮ್ಮೆಗಳಿದ್ದವು. ತಮ್ಮನ ತಲೆಯ ಮೇಲೆ ಹೊರಿಸಿ ಕಳಿಸಿದೆ. ಮೊದಲು ಗೌಳಿ "ಇದನ್ನು ಎಮ್ಮೆ ತಿನ್ನುತ್ತದೆಯೇ?" ಎಂದನಂತೆ. ಎಮ್ಮೆ ಅವನ ಉತ್ತರಕ್ಕೆ ಕಾಯಲಿಲ್ಲ. ಆ ದಿನ ಸಂಜೆ ಮತ್ತು ಮರುದಿನ ಬೆಳಿಗ್ಗೆ ಒಂದೊಂದು ತಂಬಿಗೆ ಮಜ್ಜಿಗೆ ನಮ್ಮ ಮನೆಗೆ ಬಂತು. ಲೆಕ್ಕದ ಪುಟದಲ್ಲಿ ಮೊದಲ ಜಮಾ ಅದೇ: "ಸಿಪ್ಪೆ ಬಾಬ್ತು, ಮಜ್ಜಿಗೆ 2 ತಂಬಿಗೆ."

ಆ ಮಧ್ಯಾಹ್ನ ಪಲ್ಯ. ತೊಳೆಯನ್ನು ಉದ್ದುದ್ದ ಸೀಳಿ, ಉಪ್ಪು ಅರಿಸಿನ ಹಾಕಿ ಬೇಯಿಸಿ, ಸಾಸಿವೆ, ಉದ್ದಿನಬೇಳೆ, ಕೆಂಪು ಮೆಣಸಿನ ಒಗ್ಗರಣೆ. ಹುಣಿಸೆ, ಚೂರು ಬೆಲ್ಲ. ತೆಂಗಿನಕಾಯಿ ತರುವ ಹಾಗಿರಲಿಲ್ಲ. ಅದರ ಬದಲು ಪುಣೆಯವರ ಪದ್ಧತಿಯಂತೆ ಹುರಿದ ಶೇಂಗಾ ಪುಡಿ ಉದುರಿಸಿದೆ. ಆಯಿ ನೋಡಿದ್ದರೆ ಮೂಗು ಮುರಿಯುತ್ತಿದ್ದಳು, ರುಚಿ ಚೆನ್ನಾಗಿತ್ತು. ಬೇಯಿಸಿದ ನೀರನ್ನು ಚೆಲ್ಲದೆ ರಾತ್ರಿ ಮೆಣಸು ಜೀರಿಗೆ ಹಾಕಿ ಸಾರು ಮಾಡಿದೆ. ಪಲ್ಯಕ್ಕೂ ಮುಂದಿನ ನಾಲ್ಕು ದಿನದ ಹುಳಿಗೂ ಸೇರಿ ಖರ್ಚಾದ ತೊಳೆ 48.

ಹುಳಿಯ ವಿಷಯ ಸ್ವಲ್ಪ ಹೇಳಬೇಕು. ನಮ್ಮ ಹವ್ಯಕರಲ್ಲಿ ಹಲಸಿನ ಬೀಜಕ್ಕೂ ಬೇಳೆ ಎನ್ನುತ್ತೇವೆ. ತೊಗರಿಬೇಳೆಯ ಡಬ್ಬಿ ತಳ ಕಂಡಿತ್ತು, ಕಿರಾಣಿಯವನ ಉದ್ರಿ ವಹಿಯಲ್ಲಿ ನಮ್ಮ ಪುಟ ತುಂಬಿತ್ತು. ಒಂದು ಮುಷ್ಟಿ ತೊಗರಿಗೆ ಇಪ್ಪತ್ತು ಹಲಸಿನ ಬೇಳೆ ಸೇರಿಸಿ ಬೇಯಿಸಿ, ಅರ್ಧದಷ್ಟನ್ನು ಅರೆದು ಹಾಕಿದರೆ ಹುಳಿ ಮಂದವಾಗಿ ನಿಲ್ಲುತ್ತದೆ. ಐದನೆಯ ದಿನ ತೊಗರಿ ಪೂರ್ತಿ ಮುಗಿದಾಗ ಹಲಸಿನ ಬೇಳೆಯೊಂದರಲ್ಲೇ ಮಾಡಿದೆ. ಇವರು ಉಣ್ಣುತ್ತಾ "ಈ ದಿನ ಬೇಳೆ ಜಾಸ್ತಿ ಹಾಕಿದ್ದೀಯಲ್ಲ" ಎಂದರು. "ಹೌದು, ಬೇಳೆ ಜಾಸ್ತಿ" ಎಂದೆ. ಸುಳ್ಳಲ್ಲ.

ಮಂಗಳವಾರ ಹಪ್ಪಳ. ಕಾಯಿತೊಳೆ ಕಾದರೆ ಕೆಡುತ್ತದೆ. ಮಳೆ ಬರುವ ಮೊದಲು ಬಿಸಿಲೂ ಬೇಕು. ಐವತ್ತು ತೊಳೆಗಳನ್ನು ಆವಿಯಲ್ಲಿ ಬೇಯಿಸಿದೆ. ಉಪ್ಪು, ಮೆಣಸಿನ ಪುಡಿ, ಜೀರಿಗೆ ಹಾಕಿ ಕುಟ್ಟಬೇಕು. ಊರಿನಲ್ಲಿ ಒರಳಿದೆ, ಒನಕೆಯಿದೆ, ಅಕ್ಕಪಕ್ಕದ ನಾಲ್ಕು ಹೆಂಗಸರಿದ್ದಾರೆ. ಇಲ್ಲಿ ನನ್ನ ಹತ್ತಿರ ಇದ್ದದ್ದು ಚಟ್ನಿ ಕುಟ್ಟುವ ಸಣ್ಣ ಕುಟ್ಟಣಿಗೆ. ತಮ್ಮ ಹಿಂದಿನ ರಾತ್ರಿಯೇ ಗಾಡಿ ಹತ್ತಿದ್ದ. ಇವರು ಗೇಟಿಗೆ ಹೋಗದೆ ಮನೆಯಲ್ಲೇ ಇದ್ದರು. ಹೋಗಿ ಮಾಡುವುದೂ ಏನಿರಲಿಲ್ಲ. ಗೋಡೆಗೆ ಮುಖ ಮಾಡಿ ಮಲಗಿದ್ದರು. ಅರ್ಧ ಗಂಟೆ ನನ್ನ ಕುಟ್ಟುವ ಸದ್ದು ಕೇಳಿ ಕೇಳಿ ಎದ್ದು ಬಂದು, ಏನೂ ಹೇಳದೆ ನನ್ನ ಕೈಯಿಂದ ತೆಗೆದುಕೊಂಡರು.

ಓದುಗರು ನಗಬಾರದು. ಹಪ್ಪಳ ಒತ್ತುವ ಕೆಲಸವನ್ನು ನಾನು ಅದುವರೆಗೆ ಹೆಂಗಸರ ಕೆಲಸವೆಂದೇ ತಿಳಿದಿದ್ದೆ. ಅದು ಟರ್ನರನ ಕೆಲಸವೆಂದು ಆ ದಿನ ಗೊತ್ತಾಯಿತು. ಮಕ್ಕಳ ಹರಿದ ಮಳೆಯಂಗಿಯನ್ನು ಕತ್ತರಿಸಿ ಎರಡು ಹಾಳೆ ಮಾಡಿ ಎಣ್ಣೆ ಸವರಿದೆ. ಒಂದರ ಮೇಲೆ ಉಂಡೆ ಇಟ್ಟು, ಇನ್ನೊಂದನ್ನು ಮುಚ್ಚಿ, ಮೇಲಿನಿಂದ ತಳ ಸಪಾಟಾದ ತಟ್ಟೆಯಲ್ಲಿ ಒತ್ತುವುದು ಕ್ರಮ. ನಾನು ಒತ್ತಿದ್ದು ಒಂದು ಕಡೆ ದಪ್ಪ, ಒಂದು ಕಡೆ ತೆಳು. ಇವರು ಅದನ್ನು ಬೆಳಕಿಗೆ ಹಿಡಿದು ನೋಡಿದರು. "ಹೀಗಾದರೆ ಒಂದು ಬದಿ ಕರಿಯುತ್ತದೆ, ಇನ್ನೊಂದು ಬದಿ ಹಸಿ ಇರುತ್ತದೆ" ಎಂದರು. ಎದ್ದು ಹೋಗಿ ತಮ್ಮ ಸಾಮಾನಿನ ಡಬ್ಬಿಯಿಂದ ಒಂದು ತುಂಡು ತಂತಿ ತಂದು, ಸುತ್ತಿಗೆಯಿಂದ ನೇರ ಮಾಡಿ, ಸಮನಾಗಿ ಎರಡು ತುಂಡು ಮಾಡಿದರು. ಹಾಳೆಯ ಎರಡು ಬದಿಗೆ ಎರಡು ತಂತಿ ಇಟ್ಟರು. ಈಗ ತಟ್ಟೆ ಎಷ್ಟು ಒತ್ತಿದರೂ ತಂತಿಯ ದಪ್ಪಕ್ಕಿಂತ ಕೆಳಗಿಳಿಯುವುದಿಲ್ಲ. ಬಂದ ಹಪ್ಪಳವೆಲ್ಲ ಒಂದೇ ಅಚ್ಚು. ಮಗಳು ಉಂಡೆ ಮಾಡಿದಳು, ಮಗ ಎಣ್ಣೆ ಸವರಿದ, ನಾನು ಹಾಳೆ ಬಿಡಿಸಿ ಸೀರೆಯ ಮೇಲೆ ಹರವಿದೆ, ಇವರು ಒತ್ತಿದರು. ಮಧ್ಯಾಹ್ನ ಮೂರರ ಹೊತ್ತಿಗೆ 68 ಹಪ್ಪಳ. ಕೊನೆಯದನ್ನು ಒತ್ತಿ ಇವರು ಸಾಲಿಗೊಮ್ಮೆ ಕಣ್ಣು ಹಾಯಿಸಿದ್ದು ನೆನಪಿದೆ. ಪಾಳಿ ಮುಗಿದ ಮೇಲೆ ಮಾಡಿದ ಮಾಲನ್ನು ನೋಡುವ ಹಾಗೆ.

ಉಳಿದ 20 ಕಾಯಿತೊಳೆ ಉಪ್ಪುನೀರಿನ ಭರಣಿಗೆ ಹೋದುವು. ಅದರ ಬಗ್ಗೆ ಹೇಳುವಂಥದ್ದೇನಿಲ್ಲ. ಶ್ರಾವಣದಲ್ಲಿ ತೆಗೆದು, ನೀರಿನಲ್ಲಿ ನೆನೆಸಿ ಉಪ್ಪು ಬಿಡಿಸಿ ಪಲ್ಯ ಮಾಡಿದೆವು.

ಬುಧವಾರ ನನ್ನ ಲೆಕ್ಕ ತಪ್ಪಿತು.

ಮಂಚದ ಕೆಳಗಿನ ತೊಳೆಗಳು ತಿನ್ನುವ ಹದಕ್ಕೆ ಬಂದಿದ್ದುವು. ವಾಡೆಯ ರೂಢಿ ಏನೆಂದರೆ ಊರಿನಿಂದ ಏನೇ ಬರಲಿ, ಹನ್ನೊಂದು ಮನೆಗೆ ಎರಡೆರಡು ಚೂರಾದರೂ ಹೋಗಬೇಕು. ಗಣಪತಿಯ ಮೋದಕವಾಗಲಿ, ಕೊಂಕಣದ ಮಾವಾಗಲಿ, ನಮ್ಮ ಅಪ್ಪೆಮಿಡಿ ಉಪ್ಪಿನಕಾಯಾಗಲಿ. ಆ ಸಲ ನನಗೆ ಕೈ ಬರಲಿಲ್ಲ. ಎರಡೆರಡೆಂದರೆ 22 ತೊಳೆ. ಇಬ್ಬರು ಮಕ್ಕಳ ಎರಡು ದಿನದ ತಿಂಡಿ. ಬಾಗಿಲು ಓರೆ ಮಾಡಿ ಮಕ್ಕಳಿಗೆ ಅಡಿಗೆ ಮೂಲೆಯಲ್ಲಿ ಕೊಟ್ಟೆ. "ಯಾರಿಗೂ ಹೇಳಬೇಡಿ" ಎಂದೆ. ಮಗಳು ತಿಂದು, ತಾನಾಗಿಯೇ ಹೋಗಿ, ಬಾಯಿಗೂ ಕೈಗೂ ಸಾಬೂನು ಹಚ್ಚಿ ತೊಳೆದುಕೊಂಡಳು. ವಾಸನೆ ಬರಬಾರದೆಂದು. ಎಂಟು ವರ್ಷದ ಮಗು ನನ್ನಿಂದ ಕಲಿತ ಬುದ್ಧಿ.

ಹಲಸು ಅಡಗುವ ವಸ್ತುವೇ? ಪಕ್ಕದ ಬಿಡಾರದಲ್ಲಿ ರತ್ನಾಗಿರಿಯ ಕಡೆಯ ಸಂಸಾರ. ಅವರ ಯಜಮಾನರು ಒಂದು ಛಾಪಖಾನೆಯಲ್ಲಿ ಕಂಪೋಜಿಟರು, ನಾಲ್ಕು ಮಕ್ಕಳು. ನಾವು ಅವರನ್ನು ವಹಿನಿ ಎನ್ನುತ್ತಿದ್ದೆವು. ಅವರ ಕೊನೆಯ ಮಗ ಬಾಗಿಲಲ್ಲಿ ಬಂದು ನಿಂತು "ಕಾಕೂ, ಫಣಸಾಚಾ ವಾಸ ಯೇತೋಯ" ಎಂದ. ಗೋಣಿಚೀಲದ ವಾಸನೆ ಎಂದೆ. ಅವನು ನಂಬಿದ. ಚೀಲವನ್ನು ತೋರಿಸಿ ಎಂದ. ತೋರಿಸಿದೆ. ಮೂಸಿ, ನಕ್ಕು, ಓಡಿದ.

ಇವರು ಒಳಗಿದ್ದರು, ಎಲ್ಲವನ್ನೂ ಕೇಳಿದ್ದರು. ಬೈಯಲಿಲ್ಲ. "ನಾವು ಯಾರ ಹತ್ತಿರವೂ ತೆಗೆದುಕೊಳ್ಳುವುದು ಬೇಡ ಎಂದೆ. ಕೊಡುವುದು ಬೇಡ ಎಂದೆನೇ?" ಎಂದು ಕೇಳಿದರು. ಆ ರಾತ್ರಿ ನನಗೆ ಅನ್ನ ಸೇರಲಿಲ್ಲ.

ಗುರುವಾರ ಬೆಳಿಗ್ಗೆ ಹನ್ನೊಂದು ಬಟ್ಟಲಿಗೆ ಎರಡೆರಡು ತೊಳೆ ಹಾಕಿ ಮಗಳ ಕೈಯಲ್ಲಿ ಕಳಿಸಿದೆ. ಆ ಮಗು ಬಟ್ಟಲು ಹಿಡಿದು ಓಡಿದ ಓಟ! ವಹಿನಿಯ ಮನೆಗೆ ನಾನೇ ಹೋದೆ, ನಾಲ್ಕು ಮಕ್ಕಳಿದ್ದರೂ ಎರಡೇ ತೊಳೆ ಹಿಡಿದು. ಅವರು ನೋಡಿದರು. "ಕಾಪಾ ಆಹೇ, ಛಾನ ಆಹೇ" ಎಂದರು. ಅವರಲ್ಲಿ ಗಟ್ಟಿ ತೊಳೆಯದ್ದು ಕಾಪಾ, ಮೆತ್ತಗಿನದು ಬರಕಾ. ನಮ್ಮ ಬಕ್ಕೆ, ಅಂಬಲಿ ಇದ್ದ ಹಾಗೆ. ಹಿಂದಿನ ದಿನದ ಮಾತೇ ಬರಲಿಲ್ಲ. "ಆಠಳ್ಯಾ ಎಸೆಯಬೇಡಿ ಹಾಂ" ಎಂದು ಬೀಜದ ಬಗ್ಗೆ ಮಾತ್ರ ಎಚ್ಚರಿಸಿದರು. ಅದನ್ನು ನನಗೆ ಹೇಳಬೇಕೇ!

ವಾಡೆಯಲ್ಲಿ ಬಟ್ಟಲು ಖಾಲಿ ಬರುವುದಿಲ್ಲ. ಒಂದರಲ್ಲಿ ಅವಲಕ್ಕಿ ಬಂತು, ಒಂದರಲ್ಲಿ ಎರಡು ಹುಳಿಮಾವಿನಕಾಯಿ, ಒಂದರಲ್ಲಿ ಬೆಲ್ಲದ ಗಟ್ಟಿ, ಇನ್ನೊಂದರಲ್ಲಿ ಮೆತಕೂಟ. ವಹಿನಿಯ ಬಟ್ಟಲಲ್ಲಿ ಶೇಂಗಾ, ಅಂಚಿನವರೆಗೆ. ಇಷ್ಟಿಷ್ಟು ಹಾಕಿ ಕಳಿಸುವ ರೂಢಿಯಿಲ್ಲ; ಸಕ್ಕರೆ ನಾಲ್ಕು ಹರಳು ಹಾಕಿದರೂ ಸಾಕು. ಅಂದರೆ ಕಾರ್ಖಾನೆಯ ಸುದ್ದಿ ಎಲ್ಲರಿಗೂ ಗೊತ್ತಿತ್ತು. ನಾವು ಬಾಗಿಲು ಓರೆ ಮಾಡಿಕೊಂಡು ಕೂತಿದ್ದೆವು. ಒಂದು ಬಟ್ಟಲು ಮಾತ್ರ ಖಾಲಿ ಬಂತು, ತೊಳೆದು ಒರೆಸಿ. ಆ ಮನೆಯ ಸ್ಥಿತಿ ನಮಗಿಂತ ಕಷ್ಟದಲ್ಲಿತ್ತೆಂದು ಆಮೇಲೆ ತಿಳಿಯಿತು. ಅವರಿಗೆ ಎರಡು ಹೆಚ್ಚು ಕಳಿಸಬಹುದಿತ್ತು ಎಂದು ಈಗಲೂ ಅನಿಸುತ್ತದೆ.

ಹಣ್ಣಿನ ಲೆಕ್ಕದಲ್ಲಿ ಉಳಿದವು 74. ಹಾಗೇ ತಿಂದದ್ದು 34. ಮಿಕ್ಕ 40ರಲ್ಲಿ ಅರ್ಧ ದೋಸೆಗೆ. ರೇಶನ್ ಅಕ್ಕಿ ನೆನೆಸಿ ಹಣ್ಣಿನ ಜೊತೆ ಅರೆದು, ಚಿಟಿಕೆ ಉಪ್ಪು ಹಾಕಿ ತೆಳ್ಳಗೆ ಹರಡಿದರೆ ಉದ್ದೂ ಬೇಡ, ಬೆಲ್ಲವೂ ಬೇಡ, ಹುಳಿ ಬರಿಸುವುದೂ ಬೇಡ. ಇನ್ನರ್ಧ ಕಡಬಿಗೆ. ನಮ್ಮಲ್ಲಿ ಹಣ್ಣು ಅರೆದು ಅಕ್ಕಿತರಿ, ಬೆಲ್ಲ ಸೇರಿಸಿ ಬಾಳೆ ಎಲೆಯಲ್ಲಿ ಮಡಚಿ ಬೇಯಿಸುತ್ತೇವೆ. ಮಂಡಈಗೆ ಹೋಗಿ ಬಾಳೆ ಎಲೆ ಕೊಂಡು ತರುವುದು ದಂಡವೆಂದು ವಹಿನಿ ತಮ್ಮ ಇಡ್ಲಿ ತಟ್ಟೆ ಕೊಟ್ಟರು. ಕೊಂಕಣದ ಸಾಂದಣವನ್ನು ಹಾಗೆಯೇ ಮಾಡುತ್ತಾರಂತೆ, ಬರಕಾ ಹಣ್ಣಿನ ರಸದಲ್ಲಿ. ತಟ್ಟೆ ಅವರದು, ಹಣ್ಣು ನಮ್ಮದು, ಬೆಲ್ಲ ಮೂರನೆಯ ಮನೆಯದು. ಬೆಂದು ಬಂದದ್ದನ್ನು ನಾನು ಕಡಬು ಎಂದೆ, ಅವರು ಸಾಂದಣ ಎಂದರು; ಇಬ್ಬರ ಮಕ್ಕಳೂ ಹೆಸರು ಕೇಳುವಷ್ಟು ಹೊತ್ತು ಕಾಯಲಿಲ್ಲ.

ಶನಿವಾರ ಮಧ್ಯಾಹ್ನ ಗುಡುಗು. ತಗಡಿನ ಮೇಲೆ ಸೀರೆ ಹಾಸಿ ಹಪ್ಪಳ ಒಣಗಿಸಿದ್ದೆ. ನಾನು ನಲ್ಲಿಯಲ್ಲಿದ್ದೆ, ಏಣಿ ಆ ಬದಿಗಿತ್ತು. ಮೇಲಿನ ಬಿಡಾರದವರು ಕಿಟಕಿಯಿಂದ ಸೀರೆಯ ಒಂದು ಅಂಚು ಹಿಡಿದು ಎಳೆದರು, ವಹಿನಿಯ ಹಿರಿಯ ಮಗ ಏಣಿ ಹತ್ತಿದ. 59 ಉಳಿದುವು. ನೆನೆದ ಒಂಬತ್ತನ್ನು ಆ ರಾತ್ರಿಯ ಹುಳಿಗೆ ಮುರಿದು ಹಾಕಿದೆ. ಕೆಟ್ಟದ್ದರಲ್ಲಿ ಅದೂ ಒಂದು ಹೊಸ ಅಡಿಗೆ, ಮತ್ತೆಂದೂ ಮಾಡಲಿಲ್ಲ.

ಬೇಳೆಗಳು ಕೊನೆಯವರೆಗೂ ಬಂದುವು. 214ರಲ್ಲಿ 22 ವಾಡೆಗೆ ಹೋಗಿ 192. ಹುಳಿ, ಸಾರಿಗೆ ನೂರರಷ್ಟು. ಒಂದಿಷ್ಟನ್ನು ಊರಿನ ಕ್ರಮದಂತೆ ಕೆಮ್ಮಣ್ಣು ಮೆತ್ತಿ ಡಬ್ಬಿಯಲ್ಲಿಟ್ಟೆ; ಹಾಗಿಟ್ಟರೆ ಮಳೆಗಾಲದಲ್ಲೂ ಕೆಡುವುದಿಲ್ಲ. ಮಿಕ್ಕದ್ದು ಮಕ್ಕಳ ಪಾಲು. ಸುಡಲು ನಮ್ಮಲ್ಲಿ ಕಟ್ಟಿಗೆ ಒಲೆ ಇರಲಿಲ್ಲ, ಸ್ಟೋವಿನಲ್ಲಿ ಕೆಂಡವಿಲ್ಲ. ಆದರೆ ಅಂಗಳದಲ್ಲಿ ಸ್ನಾನದ ನೀರು ಕಾಯಿಸುವ ತಾಮ್ರದ ಬಂಬ್ ಇತ್ತಲ್ಲ, ಅದರ ಕೆಳಗಿನ ಕೆಂಡಕ್ಕೆ ಬೇಳೆ ಹಾಕಿ ವಾಡೆಯ ಮಕ್ಕಳೆಲ್ಲ ಸುತ್ತ ಕೂರುತ್ತಿದ್ದರು. ಬೇರೆ ಮನೆಗೆ ಹೋದ ಬೇಳೆಗಳೂ ಅಲ್ಲಿಗೇ ಬಂದು ಸೇರಿದುವು. ಯಾವುದು ಯಾರದ್ದೆಂದು ತಿಳಿಯದೆ ನನ್ನ ಲೆಕ್ಕ ಅಲ್ಲಿಗೆ ನಿಂತುಹೋಯಿತು. ವಹಿಯಲ್ಲಿ ಕೊನೆಯ ಸಾಲು ಜೂನ್ 19ರದು: "ಬೇಳೆ ಸಾರು. ಇನ್ನು ಕೆಮ್ಮಣ್ಣಿನವು ಮಾತ್ರ."

ಕಾರ್ಖಾನೆ ತೆರೆದದ್ದು ಜೂನ್ ಕೊನೆಯ ವಾರದಲ್ಲಿ. ಅಷ್ಟರಲ್ಲಿ ಶಾಲೆ ಶುರುವಾಗಿತ್ತು. ಮಕ್ಕಳ ಪುಸ್ತಕಕ್ಕೆ ನನ್ನ ಒಂದು ಜೊತೆ ಬಳೆ ಹೋಗಿತ್ತು. ಹಲಸು ಎಲ್ಲವನ್ನೂ ಪಾರು ಮಾಡಿತೆಂದು ಹೇಳಿದರೆ ಸುಳ್ಳಾಗುತ್ತದೆ. ಬಾಡಿಗೆಯ ಮುಂದೆ ಹಲಸು ಏನು ಮಾಡೀತು? ಹದಿನೇಳು ದಿನ ತರಕಾರಿಗೆ ಪೈಸೆ ಖರ್ಚಾಗಲಿಲ್ಲ, ಬೇಳೆಯ ಉದ್ರಿ ಬೆಳೆಯಲಿಲ್ಲ. ಅಷ್ಟು ಮಾತ್ರ ವಹಿಯಲ್ಲಿ ಇದೆ. ಇವರು ಕೆಲಸಕ್ಕೆ ಹೋದ ಮೊದಲ ದಿನ ಡಬ್ಬಿಗೆ ನಾಲ್ಕು ಹಪ್ಪಳ ಸುಟ್ಟು ಹಾಕಿದೆ, ಕರಿಯಲು ಎಣ್ಣೆ ಇರಲಿಲ್ಲ. ಸಂಜೆ ಬಂದು "ಮಿಲ್ಲಿಂಗ್ ಸೆಕ್ಷನ್ನಿನವರು ಇಷ್ಟು ಸಮ ಹಪ್ಪಳ ಎಲ್ಲಿ ಸಿಗುತ್ತದೆ ಎಂದು ಕೇಳಿದರು" ಎಂದರು. ಆಯಿಗೆ ಆ ವಾರ ತಾವೇ ಪತ್ರ ಬರೆದರು, ಇನ್‌ಲ್ಯಾಂಡಿನಲ್ಲಿ.

ಈಗ ಹಲಸಿನ ಕಾಲ ತಿರುಗಿದೆ. ಕೇರಳ ಸರಕಾರ 2018ರಲ್ಲಿ ಅದನ್ನು ರಾಜ್ಯದ ಹಣ್ಣೆಂದು ಸಾರಿತು. ತುಮಕೂರು ಜಿಲ್ಲೆಯ ಸಿದ್ದು ಹಲಸಿನ ಸಸಿಗೆ ರೈತರು ಸಾಲು ನಿಲ್ಲುತ್ತಾರೆ. ಪುಣೆಯ ಅಂಗಡಿಗಳಲ್ಲಿ ಎಂಟು ಹತ್ತು ತೊಳೆಗಳನ್ನು ಪ್ಲಾಸ್ಟಿಕ್ ಪೆಟ್ಟಿಗೆಯಲ್ಲಿ ಇಟ್ಟು ಮಾರುತ್ತಾರೆ, ಬೇಳೆ ತೆಗೆದು. ಬೇಳೆ ಎಲ್ಲಿ ಎಂದು ಒಮ್ಮೆ ಕೇಳಿದೆ; ಹುಡುಗ ನನ್ನನ್ನು ವಿಚಿತ್ರವಾಗಿ ನೋಡಿದ. ಅಮೆರಿಕದಲ್ಲಂತೂ ಎಳೆ ಹಲಸನ್ನು ಉಪ್ಪುನೀರಿನಲ್ಲಿ ಹಾಕಿ ಡಬ್ಬಿ ಕಟ್ಟಿ, ಮಾಂಸ ಬಿಟ್ಟವರಿಗೆ ಮಾಂಸದ ಬದಲು ಎಂದು ಮಾರುತ್ತಾರಂತೆ. ಮಗಳು ಟರ್ಕಿಯ ನೆರೆಮನೆಯವರಿಗೆ ಅದರ ಪಲ್ಯ ಮಾಡಿಕೊಟ್ಟಳಂತೆ, ಶೇಂಗಾ ಪುಡಿ ಹಾಕಿ. ಬಟ್ಟಲು ಖಾಲಿ ಬಂತಾ ಎಂದು ಕೇಳಿದೆ. ಇಲ್ಲ, ಅವರದೊಂದು ಕುಂಬಳಕಾಯಿ ಸಿಹಿ ಬಂತು ಎಂದಳು.

ಇವರು ಹೋಗಿ ಏಳು ವರ್ಷವಾಯಿತು. ಫೋನು ಇಡುವ ಮೊದಲು ಮಗಳು "ಅಮ್ಮಾ, ಅಪ್ಪನ ಆ ಎರಡು ತಂತಿ ಇನ್ನೂ ಇದೆಯಾ?" ಎಂದು ಕೇಳಿದಳು. ಹಪ್ಪಳದ ಡಬ್ಬಿಯ ತಳದಲ್ಲಿ ಕಾಗದ ಸುತ್ತಿ ಇಟ್ಟಿದ್ದೆ, ತೆಗೆದು ನೋಡಿದೆ. ಸ್ವಲ್ಪ ತುಕ್ಕು ಹಿಡಿದಿತ್ತು. ಕೊಬ್ಬರಿ ಎಣ್ಣೆ ಸವರಿ ಒರೆಸಿ ಇಟ್ಟಿದ್ದೇನೆ. ಮೇ ತಿಂಗಳಲ್ಲಿ ಬರುತ್ತಾಳಂತೆ.